ಕರೆಂಟ್ ಹೋದ್ರೂ ನೆಟ್ ಹೋಗದ ಹಾಗೆ ಮಾಡ್ಕೊಂಡಿದ್ದು

ತೀರ್ಥಹಳ್ಳಿ ಕಡೆ ಮಳೆಗಾಲದ ಕರೆಂಟ್ ಗೊತ್ತಲ್ಲ. ಇನ್ವರ್ಟರ್ ಇದ್ರೂ ಕರೆಂಟ್ ಹೋದ ತಕ್ಷಣ ರೂಟರ್ ಆಫ್ ಆಗಿ ಆನ್ ಆಗೋದು, ನೆಟ್ ವಾಪಸ್ ಬರೋ ಅಷ್ಟರಲ್ಲಿ ಮಗಳ ಆನ್‌ಲೈನ್ ಕ್ಲಾಸ್ ಕಟ್. ಕಾರಣ ಇನ್ವರ್ಟರ್ ಬ್ಯಾಟರಿಗೆ ಬದಲಾಗೋ ಆ ಸಣ್ಣ ಗ್ಯಾಪ್, ಫ್ಯಾನಿಗೆ ಏನೂ ಆಗಲ್ಲ ರೂಟರ್ ರೀಸ್ಟಾರ್ಟ್ ಆಗ್ಬಿಡುತ್ತೆ. ಇನ್ವರ್ಟರಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದ್ರೆ ಗ್ಯಾಪ್ ಕಮ್ಮಿ ಆಗುತ್ತೆ, ಆದ್ರೆ ನಮ್ಮೂರಲ್ಲಿ ಸಂಜೆ ವೋಲ್ಟೇಜ್ 180ಕ್ಕಿಂತ ಕೆಳಗಿಳಿದ್ರೆ ಆ ಮೋಡಲ್ಲಿ ಕರೆಂಟ್ ಇದ್ರೂ ಬ್ಯಾಟರಿ ಮೇಲೇ ಓಡಿ ರಾತ್ರಿಗೆ ಖಾಲಿ.

ಅದಕ್ಕೇ ರೂಟರಿಗೆ ಅಂತಲೇ ಮಿನಿ ಯುಪಿಎಸ್, ಅಂದ್ರೆ ಒಂದು ಸಣ್ಣ ಬ್ಯಾಟರಿ ಬಾಕ್ಸ್ ಹಾಕಿದೆ, ಅಡಾಪ್ಟರ್‌ಗೂ ರೂಟರಿಗೂ ಮಧ್ಯೆ ಕೂರುತ್ತೆ, ಅಲ್ಲಿಗೆ ತೊಂದ್ರೆ ಮುಗೀತು. ತಗೊಳ್ಳೋ ಮುಂಚೆ ಅಡಾಪ್ಟರ್ ಮೇಲೆ 9 ವೋಲ್ಟಾ 12 ವೋಲ್ಟಾ ನೋಡಿ, ವೋಲ್ಟ್ ಅದೇ ಇರ್ಬೇಕು, ಆಂಪ್ ಜಾಸ್ತಿ ಇದ್ರೆ ಪರ್ವಾಗಿಲ್ಲ. ಫೈಬರ್ ಬಾಕ್ಸ್ (ನೆಟ್ ಕೇಬಲ್ ಬಂದು ಸೇರೋ ಡಬ್ಬಿ) ಬೇರೆ ಇದ್ರೆ ಅದಕ್ಕೂ ಬೇಕು.

ಸಿಡಿಲು ಬರೋ ಹಾಗಿದ್ರೆ ಮಾತ್ರ ಮೊದಲೇ ಗೋಡೆ ಪ್ಲಗ್ ಕಿತ್ತಿಡಿ, ಫೈಬರ್ ಒಳಗಿರೋದು ಗಾಜು, ಸಿಡಿಲಿನ ಹೊಡೆತ ಹೆಚ್ಚಾಗಿ ಬರೋದು ಕರೆಂಟ್ ಲೈನಲ್ಲೇ. ಪ್ಲಗ್ ಕಿತ್ರೂ ನೆಟ್ ಓಡ್ತಾ ಇರುತ್ತೆ, ನಂಗೆ ಎಲ್ಲಕ್ಕಿಂತ ಸಮಾಧಾನ ಕೊಟ್ಟಿದ್ದು ಇದೇ, ಯಾಕಂದ್ರೆ ಮನೇಲಿ ಮೊಬೈಲ್ ಸಿಗ್ನಲ್ ಇಲ್ಲ, ನಾಳೆ ಶಾಲೆಗೆ ರಜೆನಾ, ಘಾಟಿ ರಸ್ತೆ ಬಂದ್ ಆಗಿದ್ಯಾ ಅನ್ನೋದೆಲ್ಲ ವಾಟ್ಸಾಪಲ್ಲೇ ಬರೋದು.