ಚಾಕೊಲೇಟ್ ಚಿಪ್ ಸ್ಕೋನ್: ಬೆಣ್ಣೆ ತಣ್ಣಗಿರಲಿ

ಬ್ರಿಟನ್ನಿನಲ್ಲಿ ಚಹಾದೊಂದಿಗೆ ತಿನ್ನುವ, ಸಣ್ಣ ಬನ್ನಿನಂಥ ತಿನಿಸಾದ ಸ್ಕೋನ್‌ಗೆ ಯೀಸ್ಟ್ ಬೇಡ, ಹಿಟ್ಟು ಹುದುಗಲು ಕಾಯಬೇಕಾಗಿಯೂ ಇಲ್ಲ. ಆದರೆ ಬೆಣ್ಣೆ ಮಾತ್ರ ಫ್ರಿಜ್‌ನಿಂದ ಆಗಷ್ಟೇ ತೆಗೆದದ್ದಾಗಿರಬೇಕು. 250 ಗ್ರಾಂ ಮೈದಾ, ಎರಡೂವರೆ ಟೀ ಚಮಚ ಬೇಕಿಂಗ್ ಪೌಡರ್, 40 ಗ್ರಾಂ ಸಕ್ಕರೆ ಹಾಗೂ ಚಿಟಿಕೆ ಉಪ್ಪಿಗೆ 60 ಗ್ರಾಂ ಬೆಣ್ಣೆಯನ್ನು ಸೇರಿಸಿ, ದಪ್ಪ ರವೆಯಂತಾಗುವವರೆಗೆ ಬೆರಳ ತುದಿಯಿಂದಷ್ಟೇ ಉಜ್ಜಿರಿ. ಓವನ್ನಿನಲ್ಲಿ ಈ ಬೆಣ್ಣೆಯ ಕಣಗಳು ಕರಗಿ, ಅವುಗಳಲ್ಲಿರುವ ನೀರು ಆವಿಯಾಗುವುದೂ ಸ್ಕೋನ್ ಒಳಗೆ ಹಗುರವಾಗಲು ನೆರವಾಗುತ್ತದೆ. ಅನಂತರ 75 ಗ್ರಾಂ ಚಾಕೊಲೇಟ್ ಚಿಪ್ಸ್ ಮತ್ತು ಸುಮಾರು 130 ಮಿ.ಲೀ. ತಣ್ಣನೆಯ ಹಾಲು ಬೆರೆಸಿರಿ. ಚಪಾತಿ ಹಿಟ್ಟಿನಂತೆ ನಾದಿದರೆ ಗ್ಲುಟೆನ್ (ಹಿಟ್ಟಿಗೆ ಜಿಗುಟು ಕೊಡುವ ಪ್ರೋಟೀನ್) ಬಿಗಿಯಾಗಿ ಸ್ಕೋನ್ ಗಟ್ಟಿಯಾಗುತ್ತದೆ. ದಯವಿಟ್ಟು ನಾದಬೇಡಿ, ಒಟ್ಟುಗೂಡಿಸಿದರೆ ಸಾಕು. ಎರಡೂವರೆ ಸೆಂ.ಮೀ. ದಪ್ಪಕ್ಕೆ ತಟ್ಟಿ, ಕತ್ತರಿಸಿ, ಮೊದಲೇ 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಓವನ್ನಿನಲ್ಲಿ ಸುಮಾರು 15 ನಿಮಿಷ, ಮೇಲ್ಭಾಗ ಹೊಂಬಣ್ಣಕ್ಕೆ ತಿರುಗುವವರೆಗೆ ಬೇಯಿಸಿರಿ.