ಮಗುವಿಗೆ ಇಸಬು? ಜಳಕದಿಂದಲೇ ಶುರು ಮಾಡಿ

‘ಕೂಸಿನ ಮೈಗೆ ತಿಂಡಿ ಎದ್ದದ’ ಎಂದರೆ ಬೆಂಗಳೂರಿನವರು ನಾಷ್ಟಾ ಎಂದುಕೊಂಡಾರು. ನಮ್ಮ ಕಲಬುರಗಿಯಲ್ಲಿ ತಿಂಡಿ ಎಂದರೆ ತುರಿಕೆ. ನನ್ನ ಮಗಳಿಗೆ ಅದು ಶುರುವಾಗಿದ್ದು ಒಂದೂವರೆ ವರ್ಷಕ್ಕೆ, ತೊಗರಿ ರಾಶಿಯ ದಿನಗಳ ಒಣ ಚಳಿಯಲ್ಲಿ. ಮೊಣಕೈ ಮಡಿಕೆಯಲ್ಲಿ ಒರಟು ಕಲೆ. ಅತ್ತೆ ‘ಹುರುಕು’ ಎಂದರು. ಡಾಕ್ಟರು ‘ಇಸಬು, ಜೋರಾಗಿಲ್ಲ’ ಎಂದರು. ಇಂಗ್ಲಿಷಿನಲ್ಲಿ ಎಕ್ಸಿಮಾ.

ಮೊದಲು ಗುರುತು ಹಿಡಿಯಿರಿ. ಹಸುಗೂಸಿಗೆ ಹೆಚ್ಚಾಗಿ ಕೆನ್ನೆಯಲ್ಲಿ, ನಡೆದಾಡುವ ಮಗುವಿಗೆ ಮೊಣಕೈ, ಮೊಣಕಾಲಿನ ಹಿಂದೆ ಬರುತ್ತದೆ. ನಮ್ಮ ಮಕ್ಕಳ ಬಣ್ಣದ ಮೇಲೆ ಅದು ಕೆಂಪಗೆ ಕಾಣದೆ ಕಪ್ಪಗೆ ಕಾಣಬಹುದು. ಮುಟ್ಟಿದರೆ ಮರಳು ಕಾಗದದ ಹಾಗೆ. ಇದು ಅಂಟುವ ರೋಗವಲ್ಲ. ಆದರೆ ಮನೆಯಲ್ಲಿ ಇನ್ನಿಬ್ಬರಿಗೂ ರಾತ್ರಿ ತುರಿಕೆ ಇದ್ದು, ಬೆರಳ ಸಂದಿಯಲ್ಲಿ ಗುಳ್ಳೆ ಎದ್ದಿದ್ದರೆ ಅದು ಹುರುಕೇ ಇರಬಹುದು. ಅದರ ಔಷಧಿ ಬೇರೆ, ಮನೆಮಂದಿಗೆಲ್ಲ ಒಟ್ಟಿಗೆ ಬೇಕು.

ಈಗ ಜಳಕ. ನಮ್ಮಲ್ಲಿ ಕೂಸಿಗೆ ಎರೆಯುವುದೆಂದರೆ ದೊಡ್ಡ ಸಂಭ್ರಮ. ಸುಡುಸುಡು ನೀರು, ಕಡಲೆಹಿಟ್ಟು ಹಚ್ಚಿ ತಿಕ್ಕುವುದು, ಕೊನೆಗೆ ಲೋಬಾನದ ಹೊಗೆ. ಇಸಬು ಇರುವ ಚರ್ಮಕ್ಕೆ ಈ ಮೂರೂ ಆಗಿಬರುವುದಿಲ್ಲ. ಆ ಚರ್ಮ ಸಂದುಬಿಟ್ಟ ಗೋಡೆ ಇದ್ದಂತೆ. ಒಳಗಿನ ತೇವ ಆರಿಹೋಗುತ್ತದೆ, ಹೊರಗಿನ ಕಿರಿಕಿರಿ ಒಳಗೆ ಸೇರುತ್ತದೆ. ಆದ್ದರಿಂದ ಉಗುರುಬೆಚ್ಚಗಿನ ನೀರು, ಐದರಿಂದ ಹತ್ತು ನಿಮಿಷ, ಸಾಕು. ವಾಸನೆ ಇಲ್ಲದ ಮೆದು ಸೋಪು ಕೊಳೆಯಾದ ಕಡೆ ಮಾತ್ರ. ಆಮೇಲೆ ಹಳೆಯ ಹತ್ತಿ ಅರಿವೆಯಿಂದ ಒತ್ತಿ ಒರೆಸಿ, ಉಜ್ಜಬೇಡಿ.

ಬೋರ್‌ವೆಲ್ ನೀರಿನಿಂದಲೇ ಹೀಗಾಯಿತು ಎಂದು ಬಹಳ ಜನ ಹೇಳುತ್ತಾರೆ. ಗಡಸು ನೀರಿಗೂ ಇಸಬಿಗೂ ನಂಟು ಇರುವುದು ಹೌದು. ಆದರೆ ಇಂಗ್ಲೆಂಡಿನಲ್ಲಿ 336 ಮಕ್ಕಳ ಮೇಲೆ ಪರೀಕ್ಷೆ ನಡೆಸಿ, ನೀರು ಮೆದುಮಾಡುವ ಯಂತ್ರ ಹಾಕಿಸಿದರೂ ಇಸಬು ಹೆಚ್ಚೇನೂ ತಗ್ಗಲಿಲ್ಲ ಎಂದು 2011ರಲ್ಲಿ ಪ್ರಕಟಿಸಿದರು. ಸುಮ್ನೆ ಯಂತ್ರಕ್ಕೆ ದುಡ್ಡು ಹಾಕಬೇಡಿ.

ಆ ದುಡ್ಡನ್ನು ಕ್ರೀಮಿಗೆ ಇಡಿ. ಮೈ ಇನ್ನೂ ಹಸಿಯಾಗಿದ್ದಾಗಲೇ, ಮೂರು ನಿಮಿಷದೊಳಗೆ, ವಾಸನೆಯಿಲ್ಲದ ದಪ್ಪ ಕ್ರೀಮು ಅಥವಾ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಕೂದಲು ಹೋಗುವ ದಿಕ್ಕಿನಲ್ಲಿ ಸವರಿ. ಕಲೆ ಇರುವಲ್ಲಿ ಮಾತ್ರ ಅಲ್ಲ, ಮೈಗೆಲ್ಲ. ದಿನಕ್ಕೆ ಎರಡು ಸಲವಾದರೂ ಬೇಕು. ಕಲೆ ಹೋದ ಮೇಲೂ ನಿಲ್ಲಿಸಬೇಡಿ. ನಾವು ಜಿಪುಣತನ ಮಾಡುವುದು ಇಲ್ಲೇ. ಪುಟ್ಟ ಮಗುವಿಗೂ ವಾರಕ್ಕೆ 100ರಿಂದ 250 ಗ್ರಾಂ ಬೇಕಾಗುತ್ತದೆ. ಸಣ್ಣ ಟ್ಯೂಬು ಎಲ್ಲಿಗೆ ಸಾಲುತ್ತದೆ? ದೊಡ್ಡ ಡಬ್ಬಿ ತನ್ನಿ, ಶುದ್ಧ ಚಮಚದಿಂದ ತೆಗೆಯಿರಿ. ಬೇಸಿಗೆಯಲ್ಲಿ ಜೆಲ್ಲಿ ಅಂಟಂಟು ಎನಿಸಿದರೆ ತೆಳು ಕ್ರೀಮಿಗೆ ಬದಲಿಸಿ. ಕೊಬ್ಬರಿ ಎಣ್ಣೆ ನಡೆಯುತ್ತದೆ, ಸಾಸಿವೆ ಎಣ್ಣೆ ಬೇಡ.

ಇನ್ನು ಮುಲಾಮು. ನಾನು ತಪ್ಪಿದ್ದು ಇಲ್ಲೇ. ಮೆಡಿಕಲ್ ಅಂಗಡಿಯೊಂದರಲ್ಲಿ ‘ತುರಿಕೆಗೆ ಕೊಡಿ’ ಎಂದೆ, ಟ್ಯೂಬು ಕೊಟ್ಟರು. ಎರಡೇ ದಿನದಲ್ಲಿ ಮಾಯ! ಬಿಟ್ಟ ಮೇಲೆ ಮತ್ತೆ ಬಂತು, ಇನ್ನೂ ಜಾಸ್ತಿ. ಅಂಥ ಎಷ್ಟೋ ಟ್ಯೂಬುಗಳಲ್ಲಿ ಜೋರಾದ ಸ್ಟಿರಾಯ್ಡ್ ಜೊತೆಗೆ ಫಂಗಸ್ ಮತ್ತು ಬ್ಯಾಕ್ಟೀರಿಯಾದ ಔಷಧಿ ಬೆರೆತಿರುತ್ತದೆ. ಹೆಚ್ಚು ದಿನ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಹಾಗೆಂದು ಡಾಕ್ಟರು ಬರೆದುಕೊಟ್ಟ ಮೆದು ಸ್ಟಿರಾಯ್ಡಿಗೂ ಹೆದರಿ ಬಿಟ್ಟರೆ ಮಗು ತುರಿಸಿಕೊಳ್ಳುತ್ತಲೇ ಇರುತ್ತದೆ. ನಿಮ್ಮ ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅದು ಬೆರಳೂ ಸೇರಿ ನಿಮ್ಮ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಕಲೆಯ ಮೇಲೆ ಮಾತ್ರ, ಹೇಳಿದಷ್ಟೇ ದಿನ.

ಉಗುರು ವಾರಕ್ಕೊಮ್ಮೆ ಕತ್ತರಿಸಿ. ಉಲನ್ ಸ್ವೆಟರಿನ ಒಳಗೆ ಹತ್ತಿ ಅಂಗಿ ಇರಲಿ. ದಪ್ಪ ಕೌದಿ ಹೊದಿಸಿದರೆ ಬೆವರಿ ತುರಿಕೆ ಏರುತ್ತದೆ. ಮೇ ತಿಂಗಳ ಬಿಸಿಲಲ್ಲಂತೂ ಬೆವರಿದ ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಕ್ರೀಮು ಹಚ್ಚಿ.

ಬದನೆಕಾಯಿ ನಂಜು, ಶೇಂಗಾ ನಂಜು, ಮೊಟ್ಟೆ ಬೇಡ ಎಂದು ಅಕ್ಕಪಕ್ಕದವರು ಹೇಳಿಯೇ ಹೇಳುತ್ತಾರೆ. ಡಾಕ್ಟರನ್ನು ಕೇಳದೆ ಏನನ್ನೂ ಬಿಡಿಸಬೇಡಿ. ಬೆಳೆಯುವ ಮಗು ಅಲ್ವಾ?

ಹಳದಿ ಹಕ್ಕಳೆ, ಸೋರುವ ನೀರು, ಜ್ವರ, ನೋಯುವ ಸಣ್ಣ ನೀರುಗುಳ್ಳೆಗಳ ಗುಂಪು ಕಂಡರೆ ಅವತ್ತೇ ತೋರಿಸಿ. ಒಂದು ವಾರ ಸರಿಯಾಗಿ ಹಚ್ಚಿದರೂ ಇಳಿಯದಿದ್ದರೆ, ಮಗು ರಾತ್ರಿ ನಿದ್ದೆ ಮಾಡದಿದ್ದರೆ ಚರ್ಮದ ಡಾಕ್ಟರ ಬಳಿ ಹೋಗಿ. ಹೋಗುವಾಗ ಅಲ್ಲಿಯವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ ಒಂದು ಚೀಲದಲ್ಲಿ ಒಯ್ಯಿರಿ. ನನ್ನ ಹಾಗೆ ‘ಬಿಳಿ ಟ್ಯೂಬು, ಕೆಂಪು ಮುಚ್ಚಳ’ ಎಂದು ಹೇಳುತ್ತ ಕುಳಿತರೆ ಅವರಿಗೂ ತಿಳಿಯುವುದಿಲ್ಲ.