ಹಾಡುಗಾರರ ಕಿವಿಗೊಂದು ಮಿಕ್ಸ್, ಸ್ಪೀಕರಿಗೊಂದು

ನನ್ನ ಮೇಜಿನ ಮೇಲಿರುವುದು ಆರ್‌ಎಂಇ ಬೇಬಿಫೇಸ್ ಪ್ರೊ, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸ್. ಅದರ ಮಿಕ್ಸರ್ ತಂತ್ರಾಂಶವಾದ ಟೋಟಲ್‌ಮಿಕ್ಸ್‌ನಲ್ಲಿ ಮೂರು ಸಾಲು: ಮೇಲೆ ಮೈಕು, ವಾದ್ಯಗಳ ಇನ್‌ಪುಟ್, ನಡುವೆ ಕಂಪ್ಯೂಟರಿನ ಪ್ಲೇಬ್ಯಾಕ್, ಕೆಳಗೆ ಔಟ್‌ಪುಟ್. ಕೆಳಸಾಲಿನಲ್ಲಿ ಯಾವುದನ್ನು ಒತ್ತಿರುತ್ತೀರೋ, ಮೇಲಿನೆರಡು ಸಾಲಿನ ಫೇಡರ್‌ಗಳು (ಸದ್ದು ಏರಿಸಿಳಿಸುವ ಜಾರುಗುಂಡಿಗಳು) ಆಗ ಅದೊಂದಕ್ಕೇ ಸೇರಿದ್ದು. ಸಬ್‌ಮಿಕ್ಸ್ ಅಂದರೆ ಇಷ್ಟೇ. ಹೆಡ್‌ಫೋನಿನಲ್ಲಿ ಬದಲಾವಣೆಯೇ ಕೇಳುತ್ತಿಲ್ಲ ಅನ್ನುವವರು ಬಹುಪಾಲು ಎಎನ್ 1/2 (ಸ್ಪೀಕರ್ ಔಟ್‌ಪುಟ್) ಒತ್ತಿಟ್ಟು ಫೇಡರ್ ಎಳೆಯುತ್ತಿರುತ್ತಾರೆ.

ಹಾಡು ರೆಕಾರ್ಡ್ ಮಾಡುವಾಗ ಶ್ರುತಿಯನ್ನು ಉಳಿದ ಟ್ರ್ಯಾಕ್‌ಗಳಿಂದ ಬೇರೆ ಇಡುತ್ತೇನೆ. ರೆಕಾರ್ಡಿಂಗ್ ತಂತ್ರಾಂಶ ರೀಪರ್‌ನಲ್ಲಿ ತಂಬೂರಿ ಟ್ರ್ಯಾಕಿನ ಮಾಸ್ಟರ್ ಸೆಂಡ್ (ಮುಖ್ಯ ಮಿಕ್ಸ್‌ಗೆ ಹೋಗುವ ದಾರಿ) ತೆಗೆದು, ಹಾರ್ಡ್‌ವೇರ್ ಔಟ್‌ಪುಟ್ 5/6 ಕೊಡುತ್ತೇನೆ. ಟೋಟಲ್‌ಮಿಕ್ಸ್‌ನ ನಡುಸಾಲಿನಲ್ಲಿ ಅದು ಎಎಸ್ 1/2 (ಆಪ್ಟಿಕಲ್ ಚಾನೆಲ್‌ಗಳ ಮೊದಲ ಜೋಡಿ) ಆಗಿ ಬರುತ್ತದೆ. ಆಪ್ಟಿಕಲ್ ಕೇಬಲ್ ಹಾಕಿರಬೇಕೆಂದಿಲ್ಲ. ಈಗ ಪಿಎಚ್ 3/4 (ಹೆಡ್‌ಫೋನ್ ಔಟ್‌ಪುಟ್) ಒತ್ತಿ: ಮೈಕ್ 0, ಶ್ರುತಿ −4, ಉಳಿದ ಟ್ರ್ಯಾಕ್‌ಗಳು −8 ಡಿಬಿ. ಇದು ನನ್ನ ಆರಂಭದ ಅಳತೆ. ಆಮೇಲೆ ಹಾಡುವವರು ಹೇಳಿದಂತೆ. ಎಎನ್ 1/2ರಲ್ಲಿ ಮಾತ್ರ ಮೈಕ್ ಫೇಡರ್ ಪೂರ್ತಿ ಕೆಳಗಿರಲಿ, ಇಲ್ಲದಿದ್ದರೆ ಸ್ಪೀಕರ್ ಕೂಗುತ್ತದೆ. ರಿವರ್ಬ್ (ದನಿಯ ಅನುರಣನ) ಬೇಕೆಂದರೆ ಮೈಕಿನ ಎಫ್‌ಎಕ್ಸ್ ಸೆಂಡ್, ಪಿಎಚ್‌ನ ಎಫ್‌ಎಕ್ಸ್ ರಿಟರ್ನ್ ಎರಡನ್ನೂ ಏರಿಸಬೇಕು. ಅದು ಕಿವಿಗಷ್ಟೇ, ರೆಕಾರ್ಡಿಂಗಿಗೆ ಬೀಳದು.

ರೀಪರ್‌ನಲ್ಲಿ ಮೈಕ್ ಟ್ರ್ಯಾಕಿನ ಮಾನಿಟರಿಂಗ್ (ಒಳಬರುವ ದನಿಯನ್ನು ಹಾಗೇ ಹೊರಗೆ ಕೇಳಿಸುವುದು) ಆಫ್ ಇರಲೇಬೇಕು. ಆನ್ ಇದ್ದರೆ ದನಿ ಎರಡು ಸಲ ಬರುತ್ತದೆ: ನೇರವಾಗಿ ಒಮ್ಮೆ, ಕಂಪ್ಯೂಟರ್ ಸುತ್ತಿ ಇನ್ನೊಮ್ಮೆ. 48 ಕಿಲೋಹರ್ಟ್ಸ್, 256 ಸ್ಯಾಂಪಲ್ ಬಫರಿನಲ್ಲಿ (ಕಂಪ್ಯೂಟರ್ ಒಮ್ಮೆಗೆ ಹಿಡಿದಿಡುವ ಸದ್ದಿನ ತುಣುಕು) ಹೋಗಲು 5.3 ಮಿಲಿಸೆಕೆಂಡ್, ಬರಲು ಅಷ್ಟೇ. ಎಂದರೆ ಸುಮಾರು 11 ಮಿಲಿಸೆಕೆಂಡ್ ತಡವಾದ ಎರಡನೆಯ ದನಿ ಮೊದಲಿನದಕ್ಕೆ ಬೆರೆತು ಕೊಡದೊಳಗಿಂದ ಹಾಡಿದಂತೆ ಕೇಳುತ್ತದೆ. ಪಾಪ, ಬೈಗುಳ ತಿನ್ನುವುದು ಮೈಕು.

ಫೇಡರ್ ಏರಿಸಿದರೆ ರೆಕಾರ್ಡಿಂಗ್ ಮಟ್ಟ ಏರುವುದಿಲ್ಲ. ಅದಕ್ಕೆ ಗೇನ್ (ಮೈಕಿನ ಸದ್ದು ಒಳಬರುವಾಗಲೇ ಹಿಗ್ಗಿಸುವ ಗುಂಡಿ) ಇದೆ. ತಾರಸ್ಥಾಯಿಯಲ್ಲಿ ಗಟ್ಟಿಯಾಗಿ ಹಾಡಿಸಿ, ಶಿಖರ −12 ಡಿಬಿಎಫ್‌ಎಸ್ (0 ಅಂದರೆ ಡಿಜಿಟಲ್ ರೆಕಾರ್ಡಿಂಗಿನ ಗರಿಷ್ಠ ಮಟ್ಟ) ಆಸುಪಾಸು ನಿಲ್ಲುವಂತೆ ಇಡಿ.

ಕಂಪ್ಯೂಟರಿನ ಸದ್ದನ್ನೇ ಹಿಡಿಯಬೇಕೆಂದರೆ ಔಟ್‌ಪುಟ್ ಚಾನೆಲಿನ ಸ್ಪ್ಯಾನರ್ ಚಿಹ್ನೆ ಒತ್ತಿ ಲೂಪ್‌ಬ್ಯಾಕ್ ಹಾಕಬಹುದು. ಆದರೆ ಲೂಪ್‌ಬ್ಯಾಕ್ ಹಾಕಿದ ಔಟ್‌ಪುಟ್ಟಿನ ಸದ್ದು, ಅದೇ ಸಂಖ್ಯೆಯ ಇನ್‌ಪುಟ್ಟಿನ ಜಾಗಕ್ಕೆ ಬಂದು ಕೂರುತ್ತದೆ. ಎಎನ್ 1/2ಕ್ಕೆ ಹಾಕಿದರೆ ಮೈಕು ರೆಕಾರ್ಡೇ ಆಗುವುದಿಲ್ಲ. ಶ್ರುತಿ 5/6ರಲ್ಲಿರುವುದರಿಂದ ನಾನು ಅದರ ಮುಂದಿನ ಜೋಡಿ 7/8 ಆರಿಸುತ್ತೇನೆ. ಅಲ್ಲೂ ಲೂಪ್‌ಬ್ಯಾಕ್ ಹಿಡಿಯುವ ಟ್ರ್ಯಾಕಿನ ಮಾನಿಟರಿಂಗ್ ಆನ್ ಆಗಿ ಅದೇ ಔಟ್‌ಪುಟ್ಟಿಗೆ ಮರಳಿದರೆ ಸದ್ದು ಸುತ್ತುತ್ತಾ ಬೆಳೆದು ಕಿವಿ ಒಡೆಯುತ್ತದೆ. ಹೆಡ್‌ಫೋನ್ ತೆಗೆದಿಟ್ಟೇ ಮೊದಲ ಸಲ ಪರೀಕ್ಷಿಸಿ.

ಎಲ್ಲ ಸರಿಹೋದ ಮೇಲೆ ಸ್ನ್ಯಾಪ್‌ಶಾಟ್ 1ರಲ್ಲಿ ಹಾಡುವ ಸೆಟಪ್, 2ರಲ್ಲಿ ಮಿಕ್ಸಿಂಗ್ ಸೆಟಪ್ ಸ್ಟೋರ್ ಮಾಡಿಡಿ.